ಆಪ್ಟೊಮೆಟ್ರಿ ಸೀಟಿಗೆ ಮೊದಲ ಖರ್ಚು ಯಾವುದು?

ಸಿಡ್ನಿಯ ವೆಂಟ್‌ವರ್ತ್‌ವಿಲ್, ಪೆಂಡಲ್ ಹಿಲ್, ಟೂಂಗ್ಯಾಬಿ ಕಡೆಯ ನಮ್ಮವರ ಮನೆಗಳಲ್ಲಿ ಮಕ್ಕಳು ಹತ್ತನೇ ತರಗತಿಗೆ ಬಂದರೆ ಸಾಕು, ಕೋಚಿಂಗ್ ಮಾತು ಶುರುವಾಗುತ್ತದೆ. ಎಲ್ಲಿಗೆ ಹಾಕಿದಿರಿ, ಎಷ್ಟು ಕಟ್ಟಿದಿರಿ, ಯಾವ ಪ್ಯಾಕೇಜು? ನನ್ನ ಮಗಳು ಸಿಡ್ನಿಯ ಯುಎನ್‌ಎಸ್‌ಡಬ್ಲ್ಯು ವಿಶ್ವವಿದ್ಯಾಲಯದಲ್ಲಿ ಆಪ್ಟೊಮೆಟ್ರಿ ಓದುತ್ತಿದ್ದಾಳೆ. ಮೆಲ್ಬರ್ನ್‌ನಲ್ಲಿರುವ ತಮ್ಮನ ಮಗ ಡೀಕಿನ್ ವಿಶ್ವವಿದ್ಯಾಲಯದಲ್ಲಿ ಅದೇ ಓದಿಗೆ ಸೇರಿದ್ದಾನೆ. ನನ್ನ ಕೆಲಸವೇ ಲೆಕ್ಕಪತ್ರದ್ದು, ಹಾಗಾಗಿ ಎರಡೂ ಮನೆಯ ಖರ್ಚುವೆಚ್ಚ ನನ್ನ ಕಣ್ಣ ಮುಂದೆಯೇ ನಡೆದಿದೆ. ಆ ಲೆಕ್ಕ ನೋಡಿದ ಮೇಲೆ ಗಟ್ಟಿಯಾಗಿ ಹೇಳಬಲ್ಲೆ: ಆಪ್ಟೊಮೆಟ್ರಿ ಸೀಟಿಗೆ ಅರ್ಜಿ ಹಾಕುವ ವಲಸೆಗಾರ ಕುಟುಂಬ ಮೊದಲು ಖರ್ಚು ಮಾಡಬೇಕಾದದ್ದು ಕೋಚಿಂಗಿಗಲ್ಲ, ಆಸ್ಟ್ರೇಲಿಯಾದ ಪೌರತ್ವದ ಅರ್ಜಿಗೆ.

ಕಾರಣ ಹೀಗಿದೆ. ಪಿಆರ್, ಅಂದರೆ ಕಾಯಂ ವಾಸದ ವೀಸಾ ಇರುವ ಮಗುವಿಗೂ ಇಲ್ಲಿ ಸರ್ಕಾರಿ ನೆರವಿನ ಸೀಟು ಸಿಗುತ್ತದೆ. ಅದರ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಶುಲ್ಕಕ್ಕೆ ಸರ್ಕಾರ ಕೊಡುವ ಹೆಕ್ಸ್ ಸಾಲ ಸಿಗುವುದಿಲ್ಲ. ಆ ಸಾಲ ಮುಖ್ಯವಾಗಿ ಪೌರರಿಗೆ ಮೀಸಲು. ನಿರಾಶ್ರಿತರ ವೀಸಾದಲ್ಲಿ ಬಂದವರಂಥ ಕೆಲವರಿಗೆ ಮಾತ್ರ ವಿನಾಯಿತಿ ಇದೆ. ಉಳಿದ ಪಿಆರ್ ಮಕ್ಕಳು ಪ್ರತಿ ಅವಧಿಯ ಸೆನ್ಸಸ್ ದಿನ ಎಂಬ ಗಡುವಿನೊಳಗೆ ತಮ್ಮ ಪಾಲಿನ ಶುಲ್ಕವನ್ನು ರೊಕ್ಕವಾಗಿ ಕಟ್ಟಬೇಕು. 2025ರಲ್ಲಿ ಈ ಬಗೆಯ ಆರೋಗ್ಯ ವಿಷಯಗಳಿಗೆ ವಿದ್ಯಾರ್ಥಿಯ ಪಾಲು ಇಡೀ ವರ್ಷಕ್ಕೆ 9,314 ಡಾಲರ್. ಯುಎನ್‌ಎಸ್‌ಡಬ್ಲ್ಯುನಲ್ಲಿ ಬ್ಯಾಚುಲರ್ ಆಫ್ ವಿಷನ್ ಸೈನ್ಸ್ ಮತ್ತು ಮಾಸ್ಟರ್ ಆಫ್ ಕ್ಲಿನಿಕಲ್ ಆಪ್ಟೊಮೆಟ್ರಿ ಸೇರಿ ಐದು ವರ್ಷದ ಓದು. ದರ ಏರದೆ ಇದ್ದರೂ ನಲವತ್ತಾರು ಸಾವಿರ ದಾಟುತ್ತದೆ, ದರವೋ ಪ್ರತಿ ಜನವರಿಯಲ್ಲಿ ಏರುತ್ತದೆ. ಅಲ್ಲಿ ವರ್ಷಕ್ಕೆ ಮೂರು ಅವಧಿ, ಅಂದರೆ ಮೂರು ಗಡುವು. ಮನೆ ಸಾಲದ ಕಂತು ಕಟ್ಟುತ್ತಲೇ ನಾಲ್ಕು ತಿಂಗಳಿಗೊಮ್ಮೆ ಮೂರು ಸಾವಿರ ಹೊಂದಿಸುವುದು ಎಷ್ಟು ಕಷ್ಟ ಎಂದು ನಮ್ಮ ಬೀದಿಯ ಒಂದು ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರು. ಆದರೂ ಮನೆ ಸಾಲದ ರೀಡ್ರಾದಲ್ಲಿ ಉಳಿಸಿದ್ದ ಹಣ ಎರಡನೇ ವರ್ಷ ಮುಗಿಯುವಷ್ಟರಲ್ಲಿ ಬರಿದಾಯಿತು.

ಪೌರತ್ವಕ್ಕೆ ನಾಲ್ಕು ವರ್ಷ ಕಾನೂನುಬದ್ಧವಾಗಿ ಇಲ್ಲಿ ವಾಸವಿರಬೇಕು, ಅದರಲ್ಲಿ ಕೊನೆಯ ಒಂದು ವರ್ಷ ಪಿಆರ್ ಆಗಿರಬೇಕು. ದೊಡ್ಡವರ ಅರ್ಜಿಗೆ ಐನೂರು ಚಿಲ್ಲರೆ ಡಾಲರ್. ಹದಿನಾರು ತುಂಬದ ಮಕ್ಕಳನ್ನು ತಂದೆ ಅಥವಾ ತಾಯಿಯ ಅರ್ಜಿಯಲ್ಲೇ ಸೇರಿಸಿದರೆ ಅವರಿಗೆ ಬೇರೆ ಶುಲ್ಕವಿಲ್ಲ. ಮಗಳಿಗೆ ಹದಿನಾಲ್ಕು ಇದ್ದಾಗ ನಾವು ಅರ್ಜಿ ಹಾಕಿದೆವು. ನಮ್ಮ ಮನೆಯ ಲೆಕ್ಕದಲ್ಲಿ ಅಷ್ಟು ಕಡಿಮೆ ಹಣಕ್ಕೆ ಅಷ್ಟು ದೊಡ್ಡ ಫಲ ಕೊಟ್ಟ ಇನ್ನೊಂದು ಖರ್ಚು ಇಲ್ಲ.

ತಮ್ಮನ ಮನೆಯಲ್ಲಿ ಇದು ಸುಲಭಕ್ಕೆ ಬಗೆಹರಿಯಲಿಲ್ಲ. "ಅಕ್ಕಾ, ಪಾಸ್‌ಪೋರ್ಟ್ ಬಿಟ್ಟರೆ ಊರಿನ ತೋಟದ ಗತಿಯೇನು?" ಎಂದು ಕೇಳಿದ. ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟ, ಅಪ್ಪ ಬೆವರು ಸುರಿಸಿ ಮಾಡಿದ್ದು. ಆ ಆತಂಕವನ್ನು ಹಗುರವಾಗಿ ಕಾಣುವವಳಲ್ಲ ನಾನು. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇಲ್ಲಿನ ಪ್ರಜೆಯಾದವರು ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು. ಒಸಿಐ ಇರುವವರು ಕೃಷಿ ಜಮೀನನ್ನಾಗಲಿ ತೋಟವನ್ನಾಗಲಿ ಹೊಸದಾಗಿ ಕೊಳ್ಳುವಂತಿಲ್ಲ. ಹಿರಿಯರಿಂದ ಬಂದದ್ದನ್ನು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಇದನ್ನು ತಿಳಿದ ಮೇಲೆ ಅಮ್ಮನೇ ಫೋನಿನಲ್ಲಿ, "ತೋಟ ಎಲ್ಲಿಗೂ ಓಡಿ ಹೋಗಲ್ಲ, ಮೊದಲು ಮಗೀನ ಓದು ನೋಡು" ಅಂದರು. ಇಂಥ ಮಾತು ಮನೆಯಲ್ಲಿ ಮುಗಿಯಲು ತಿಂಗಳುಗಳೇ ಬೇಕು. ಅದಕ್ಕೇ ಹನ್ನೆರಡನೇ ತರಗತಿಯ ತನಕ ಕಾಯಬಾರದು. ಓದಿನ ನಡುವೆ ಪೌರತ್ವ ಬಂದರೂ ನಷ್ಟವಿಲ್ಲ, ಆಮೇಲಿನ ಸೆನ್ಸಸ್ ದಿನದ ವಿಷಯಗಳಿಗೆ ಹೆಕ್ಸ್ ಸಿಗುತ್ತದೆ. ಕಟ್ಟಿ ಆದದ್ದು ಮಾತ್ರ ವಾಪಸ್ ಬರುವುದಿಲ್ಲ.

ಸಾಲ ಅಂದರೆ ನಮ್ಮವರು ಹೆದರುತ್ತಾರೆ. ಹೆಕ್ಸ್ ಅನ್ನು ಬ್ಯಾಂಕಿನ ಸಾಲದ ಹಾಗೆ ನೋಡಬಾರದು. ಬಡ್ಡಿಯಿಲ್ಲ, ಪ್ರತಿ ಜೂನ್ 1ರಂದು ಬೆಲೆಯೇರಿಕೆಗೆ ತಕ್ಕಂತೆ ಏರಿಸುತ್ತಾರೆ. 2025ರಲ್ಲಿ ಅದು ಶೇ. 3.2 ಇತ್ತು. ಈಗ ಬೆಲೆ ಸೂಚ್ಯಂಕ, ಕೂಲಿ ಸೂಚ್ಯಂಕ ಎರಡರಲ್ಲಿ ಯಾವುದು ಕಡಿಮೆಯೋ ಅದೇ ಲೆಕ್ಕ. ಅದೇ ವರ್ಷ ಸರ್ಕಾರ ಇದ್ದ ಸಾಲದಲ್ಲಿ ಶೇ. 20ರಷ್ಟು ಮನ್ನಾ ಮಾಡಿತು. ಮರುಪಾವತಿಯೂ 2025–26ರಿಂದ ಹಗುರವಾಗಿದೆ: ಆ ವರ್ಷದ ಲೆಕ್ಕದಲ್ಲಿ ಆದಾಯ 67,000 ಡಾಲರ್ ದಾಟುವವರೆಗೆ ಏನೂ ಇಲ್ಲ, ದಾಟಿದ ಮೇಲಿನ ಭಾಗದ ಒಂದೊಂದು ಡಾಲರಿಗೆ 15 ಸೆಂಟ್. ಹೊಸದಾಗಿ ಕೆಲಸಕ್ಕೆ ಸೇರಿ 80,000 ಗಳಿಸುವವಳು ಆ ವರ್ಷ ಕಟ್ಟುವುದು 1,950 ಡಾಲರ್. ಮುಂಗಡ ಕಟ್ಟಿದರೆ ಸಿಗುತ್ತಿದ್ದ ಶೇ. 10ರ ರಿಯಾಯಿತಿ 2023ರ ಆರಂಭಕ್ಕೇ ನಿಂತುಹೋಗಿದೆ. ಹೀಗಿರುವಾಗ ಮನೆ ಸಾಲಕ್ಕೆ ಅದಕ್ಕಿಂತ ಹೆಚ್ಚಿನ ಬಡ್ಡಿ ತೆರುತ್ತಿರುವವರು ಕೈಯಲ್ಲಿರುವ ಹಣವನ್ನು ಆಫ್‌ಸೆಟ್ ಖಾತೆಯಲ್ಲಿಟ್ಟು, ಶುಲ್ಕವನ್ನು ಹೆಕ್ಸಿಗೆ ಬಿಡುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಎಲ್ಲಿ ಓದುವುದು ಎಂಬ ಮಾತು. ಸಿಡ್ನಿ, ಮೆಲ್ಬರ್ನ್ ಎರಡು ಊರು ಸೇರಿದರೆ ಮೂರು ದಾರಿ. ಯುಎನ್‌ಎಸ್‌ಡಬ್ಲ್ಯುದು ಐದು ವರ್ಷ. ಡೀಕಿನ್‌ನದು ಮೂರೂವರೆ ವರ್ಷ. 2012ರಲ್ಲಿ ಶುರುವಾದದ್ದು, ರಜೆ ಕಡಿಮೆ, ಓದು ಬಿಗಿ. ಮೆಲ್ಬರ್ನ್ ವಿಶ್ವವಿದ್ಯಾಲಯದ ಡಾಕ್ಟರ್ ಆಫ್ ಆಪ್ಟೊಮೆಟ್ರಿ ಪದವಿ ಮುಗಿಸಿದವರಿಗೆ. ಮೂರು ವರ್ಷದ ಪದವಿ, ಅದರ ಮೇಲೆ ನಾಲ್ಕು ವರ್ಷ. ಮೂರೂ ಕಡೆಯಿಂದ ಹೊರಬಂದವರು ಆಪ್ಟೊಮೆಟ್ರಿ ಬೋರ್ಡಿನ ಒಂದೇ ನೋಂದಣಿ ಪಡೆಯುತ್ತಾರೆ. ಕಣ್ಣಿನ ಔಷಧ ಬರೆದುಕೊಡುವ ಅರ್ಹತೆಯೂ ಮೂವರಿಗೂ ಒಂದೇ. 2014ರ ಡಿಸೆಂಬರ್‌ನಿಂದ ಹೊಸದಾಗಿ ನೋಂದಾಯಿಸುವವರಿಗೆಲ್ಲ ಆ ಅರ್ಹತೆ ಕಡ್ಡಾಯ. ಆದ್ದರಿಂದ ಮೂರೂವರೆಗೂ ಏಳಕ್ಕೂ ನಡುವಿನ ಅಂತರವನ್ನು ಸಂಬಳದ ವರ್ಷಗಳಾಗಿಯೇ ಎಣಿಸಬೇಕು. ಮೆಲ್ಬರ್ನ್‌ನ ದಾರಿ ಕೆಟ್ಟದ್ದೆಂದಲ್ಲ. ಹದಿನೇಳನೇ ವಯಸ್ಸಿಗೆ ಮನಸ್ಸು ಗಟ್ಟಿಯಾಗದ ಮಗುವಿಗೆ ಅದೇ ಒಳ್ಳೆಯದು. ಆದರೆ ಅಲ್ಲಿ ನೆರವಿನ ಸೀಟು ಸಿಗದೆ ಪೂರ್ಣ ಶುಲ್ಕದ ಸೀಟು ಸಿಕ್ಕಿದರೆ ಎಚ್ಚರ ಬೇಕು. ಒಬ್ಬರು ತೆಗೆದುಕೊಳ್ಳಬಹುದಾದ ಒಟ್ಟು ಹೆಲ್ಪ್, ಅಂದರೆ ಸರ್ಕಾರದ ವಿದ್ಯಾಸಾಲಕ್ಕೆ ಮಿತಿಯಿದೆ. 2024ರಲ್ಲಿ ಅದು 1,21,844 ಡಾಲರ್. ಮೆಡಿಸಿನ್, ಡೆಂಟಲ್, ವೆಟರ್ನರಿಯವರಿಗೆ 1,74,998 ಇತ್ತು, ಆಪ್ಟೊಮೆಟ್ರಿಗೆ ಆ ಮೇಲಿನ ಮಿತಿ ಅನ್ವಯಿಸುವುದಿಲ್ಲ. 2020ರಿಂದ ಮೊದಲ ಪದವಿಗೆ ತೆಗೆದ ಹೆಕ್ಸ್ ಕೂಡ ಅದೇ ಮಿತಿಯೊಳಗೇ ಸೇರುತ್ತದೆ. ಮಿತಿ ಮುಗಿದ ಮೇಲಿನದ್ದು ಮನೆಯವರ ಕೈಯಿಂದಲೇ ಬರಬೇಕು.

ತಮ್ಮನ ಮನೆ ಟಾರ್ನೀಟ್‌ನಲ್ಲಿ. ಡೀಕಿನ್‌ನ ಆಪ್ಟೊಮೆಟ್ರಿ ಇರುವುದು ಜೀಲಾಂಗ್‌ನ ವಾರ್ನ್ ಪಾಂಡ್ಸ್ ಆವರಣದಲ್ಲಿ. ಅಲ್ಲೇ ರೂಮು ಮಾಡಿಕೊಡಬೇಕೇನೋ ಎಂದು ಗಂಡ ಹೆಂಡತಿ ಚಿಂತಿಸುತ್ತಿದ್ದರು. ನಾನು ರೈಲಿನ ವೇಳಾಪಟ್ಟಿ ತೆರೆದು ಕೂತೆ. ಟಾರ್ನೀಟ್ ನಿಲ್ದಾಣ ಜೀಲಾಂಗ್ ದಾರಿಯಲ್ಲೇ ಇದೆ, ಅದೇ ವಿ-ಲೈನ್ ರೈಲು ವಾರ್ನ್ ಪಾಂಡ್ಸ್‌ವರೆಗೆ ಹೋಗುತ್ತದೆ, ಅಲ್ಲಿಂದ ಬಸ್ಸು. 2023ರ ಮಾರ್ಚ್ ಕೊನೆಯಿಂದ ವಿ-ಲೈನ್ ದರವೂ ನಗರದ ದಿನದ ದರವನ್ನು ಮೀರುವುದಿಲ್ಲ. 2025ರಲ್ಲಿ ಆ ಮಿತಿ ದಿನಕ್ಕೆ 11 ಡಾಲರ್, ಕನ್ಸೆಷನ್ ಇದ್ದರೆ 5.50. ಹುಡುಗ ಮನೆಯಿಂದಲೇ ಓಡಾಡುತ್ತಾನೆ, ರೈಲಿನಲ್ಲೇ ಓದುತ್ತಾನೆ, ರಾತ್ರಿ ಮನೆಯ ಊಟ. ಟಾರ್ನೀಟ್, ವಿಂಡಮ್ ವೇಲ್ ಕಡೆ ನಮ್ಮವರು ಬಹಳ ಮಂದಿ ಇದ್ದಾರೆ. ಮಕ್ಕಳ ಆಯ್ಕೆಯ ಪಟ್ಟಿ ಬರೆಯುವಾಗ ಈ ರೈಲು ಅವರ ನೆನಪಿನಲ್ಲಿರಲಿ.

ಕೋಚಿಂಗ್ ಬಗ್ಗೆ ಒಂದು ಮಾತು. ಪ್ಯಾರಮಾಟಾದ ಒಂದು ಕೇಂದ್ರದಲ್ಲಿ ನಮಗೆ ಯುಕ್ಯಾಟ್ ಪರೀಕ್ಷೆಯ ಪ್ಯಾಕೇಜು ತೋರಿಸಿದರು. ಮೊತ್ತ ಕೇಳಿದಾಗ ಮಗಳೇ ಎದ್ದು ನಿಂತಳು. ಯುಕ್ಯಾಟ್ ವರ್ಷಕ್ಕೊಮ್ಮೆ, ಜುಲೈ–ಆಗಸ್ಟ್ ಹೊತ್ತಿನಲ್ಲಿ ನಡೆಯುತ್ತದೆ. ಮುಖ್ಯವಾಗಿ ಅದು ಮೆಡಿಸಿನ್‌ನವರಿಗೆ. ನಿಮ್ಮ ಮಗು ಹೆಸರು ಬರೆಯುವ ಕೋರ್ಸು ಅದನ್ನು ಕೇಳುತ್ತದೆಯೇ ಎಂದು ಆಯಾ ವಿಶ್ವವಿದ್ಯಾಲಯದಲ್ಲಿ ಖಾತ್ರಿ ಮಾಡಿಕೊಳ್ಳದೆ ಒಂದು ಡಾಲರನ್ನೂ ಕಟ್ಟಬೇಡಿ. ನಾವು ಆ ಹಣದಲ್ಲಿ ಒಂದು ಭಾಗವನ್ನು ಗಣಿತದ ಮನೆಪಾಠಕ್ಕೆ ಹಾಕಿದೆವು. ಮಸೂರ, ಪ್ರಿಸಂ, ಬೆಳಕಿನ ಬಾಗು ಎಲ್ಲವೂ ಲೆಕ್ಕವೇ. ಯುಎನ್‌ಎಸ್‌ಡಬ್ಲ್ಯು ಗಣಿತ ಮತ್ತು ರಸಾಯನಶಾಸ್ತ್ರ ಗೊತ್ತಿರಬೇಕೆಂದು ನಿರೀಕ್ಷಿಸುತ್ತದೆ. ವಿಷಯ ಆರಿಸುವುದು ಹತ್ತನೇ ತರಗತಿಯಲ್ಲೇ, ಏಟಾರ್ ರ‍್ಯಾಂಕಿನ ಚಿಂತೆ ಹತ್ತುವುದಕ್ಕೂ ಮುಂಚೆ.

ಖರ್ಚಿಲ್ಲದೆ ಅವಳ ಅರ್ಜಿಗೆ ತೂಕ ತಂದದ್ದು ಶನಿವಾರದ ಕೆಲಸ. ಹನ್ನೊಂದನೇ ತರಗತಿಯಲ್ಲಿ ಹತ್ತಿರದ ಕನ್ನಡಕದ ಅಂಗಡಿಯಲ್ಲಿ ಕೇಳಿಕೊಂಡು ಸೇರಿದಳು. ಮೊದಲು ಗಾಜು ಒರೆಸುವುದು, ಫ್ರೇಮು ಜೋಡಿಸುವುದು. ಆಮೇಲೆ ಮೂಗಿನ ಪ್ಯಾಡು ಬದಲಿಸಲು, ಬಿಸಿ ಮಣಿಗಳ ಬಟ್ಟಲಲ್ಲಿ ಕನ್ನಡಕದ ಕಡ್ಡಿ ಮೆತ್ತಗೆ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸಲು ಕಲಿತಳು. ಒಂದು ಸಂಜೆ ನನ್ನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ, ಸಣ್ಣ ಸ್ಕೇಲನ್ನು ಮೂಗಿನ ಮೇಲಿಟ್ಟು, "ಅಮ್ಮ, ನನ್ನ ಎಡಗಣ್ಣು ನೋಡು, ಈಗ ಬಲಗಣ್ಣು" ಎಂದು ನನ್ನ ಎರಡು ಪಾಪೆಗಳ ನಡುವಿನ ದೂರ ಅಳೆದಳು. ಮಸೂರದ ನಡುಭಾಗ ಪಾಪೆಯ ಎದುರಿಗೆ ಸರಿಯಾಗಿ ಕೂರದಿದ್ದರೆ ಎಷ್ಟು ದುಬಾರಿ ಕನ್ನಡಕವಾದರೂ ತಲೆನೋವು ತಪ್ಪದು ಎಂದು ವಿವರಿಸಿದಳು. ಮುಂದೆ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಈ ಓದು ಯಾಕೆ ಬೇಕೆಂದು ಬರೆಯಬೇಕಾದಾಗ ಅವಳ ಬಳಿ ಹೇಳಲು ನಿಜವಾದ ಸಂಗತಿ ಇತ್ತು. ಅಂಗಡಿಗೆ ಬರುತ್ತಿದ್ದ ಅಜ್ಜಿಯರು, ಬೋರ್ಡು ಕಾಣದೆ ಓದಿನಲ್ಲಿ ಹಿಂದೆ ಬಿದ್ದ ಹುಡುಗರು, ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಬಸ್ ಚಾಲಕರು, ಎಲ್ಲರನ್ನೂ ಅವಳು ಕಂಡಿದ್ದಳು. ಇದಕ್ಕೆ ನಾವು ಕಟ್ಟಿದ್ದು ಏನೂ ಇಲ್ಲ. ಅವಳಿಗೇ ಕೂಲಿ ಬಂತು.

ಕನ್ನಡಕದಂಗಡಿ ಕೆಲಸಕ್ಕೆ ಇಷ್ಟು ಓದಬೇಕಾ ಎಂದು ಊರಿನ ನೆಂಟರು ಕೇಳಿದ್ದಿದೆ. ಈ ದೇಶದಲ್ಲಿ 1975ರಲ್ಲೇ ಆಪ್ಟೊಮೆಟ್ರಿಸ್ಟರ ಕಣ್ಣಿನ ಪರೀಕ್ಷೆಯನ್ನು ಸರ್ಕಾರಿ ಆರೋಗ್ಯ ವಿಮೆಗೆ ಸೇರಿಸಿದರು. ಗ್ಲಾಕೊಮಾ ಆಗಲಿ ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆಯಾಗಲಿ ಅನೇಕ ಸಲ ಮೊದಲು ಪತ್ತೆಯಾಗುವುದು ಅವರ ಕೊಠಡಿಯಲ್ಲೇ. ಓದಿನ ಹೊಣೆ ದೊಡ್ಡದು, ಶುಲ್ಕವೂ ಅದಕ್ಕೆ ತಕ್ಕದ್ದೇ.

ಅರ್ಜಿಯ ಕಾಗದಪತ್ರದಲ್ಲೂ ಹಣವಿದೆ. ಸಿಡ್ನಿಯಲ್ಲಿ ಯುಎಸಿ ಎಂಬ ಪ್ರವೇಶ ಕೇಂದ್ರದ ಮೂಲಕ ಐದು ಆಯ್ಕೆ, ಮೆಲ್ಬರ್ನ್‌ನಲ್ಲಿ ವಿಟಿಎಸಿ ಮೂಲಕ ಎಂಟು. ಎರಡರಲ್ಲೂ ತಡವಾದಷ್ಟೂ ಶುಲ್ಕ ಜಾಸ್ತಿ. ಕಷ್ಟದಲ್ಲಿದ್ದ ಕುಟುಂಬದ ಮಕ್ಕಳಿಗಾಗಿ ಯುಎಸಿಯ ಇಎಎಸ್, ವಿಟಿಎಸಿಯ ಸೀಸ್ ಎಂಬ ಯೋಜನೆಗಳಿವೆ: ಅಪ್ಪನ ಕೆಲಸ ಹೋದದ್ದು, ಮನೆಯಲ್ಲಿ ದೀರ್ಘ ಕಾಯಿಲೆ, ಹಣದ ಮುಗ್ಗಟ್ಟು, ಇಂಥವನ್ನು ದಾಖಲೆ ಸಮೇತ ತಿಳಿಸಿದರೆ ಪರಿಗಣಿಸುತ್ತಾರೆ. ನಮ್ಮವರು ಮರ್ಯಾದೆಗೆ ಅಂಜಿ ಇದನ್ನು ತುಂಬುವುದೇ ಇಲ್ಲ. ದಯವಿಟ್ಟು ತುಂಬಿ. ಅದು ಮಗುವಿನ ಹಕ್ಕು, ನಾಲ್ಕು ಜನರಿಗೆ ಗೊತ್ತಾಗುವ ವಿಷಯವೂ ಅಲ್ಲ. ಮಗುವಿನ ಲಸಿಕೆ ದಾಖಲೆಯನ್ನೂ ಈಗಲೇ ಹುಡುಕಿಡಿ. ನ್ಯೂ ಸೌತ್ ವೇಲ್ಸ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ ತರಬೇತಿಗೆ ಹೋಗುವ ವಿದ್ಯಾರ್ಥಿಗಳು ಹೆಪಟೈಟಿಸ್ ಬಿ ಮೊದಲಾದ ಲಸಿಕೆಗಳ ಪುರಾವೆ ಕೊಡಬೇಕು. ಮಗಳ ತಾಯಿ ಕಾರ್ಡು ಶಿವಮೊಗ್ಗದ ಮನೆಯ ಬೀರುವಿನಲ್ಲಿತ್ತು. ಅಮ್ಮ ಅದರ ಫೋಟೊ ಕಳಿಸಿದರು. ಸಿಕ್ಕದೆ ಹೋಗಿದ್ದರೆ ರಕ್ತ ಪರೀಕ್ಷೆ, ಹೊಸ ಡೋಸು, ಅದರ ಬಿಲ್ಲು.

ಬೆಂಗಳೂರಿನಲ್ಲಿ ಆಪ್ಟೊಮೆಟ್ರಿ ಮುಗಿಸಿ, ಮದುವೆಯಾಗಿ ಇಲ್ಲಿಗೆ ಬಂದ ಹೆಣ್ಣುಮಕ್ಕಳಿಗೆ ದಾರಿ ಬೇರೆ. ಮತ್ತೆ ಮೊದಲ ವರ್ಷಕ್ಕೆ ಅರ್ಜಿ ಹಾಕುವ ಮುಂಚೆ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನ ಆಪ್ಟೊಮೆಟ್ರಿ ಕೌನ್ಸಿಲ್ ಹೊರದೇಶದಲ್ಲಿ ಓದಿದವರಿಗೆ ನಡೆಸುವ ಅರ್ಹತಾ ಪರೀಕ್ಷೆಯ ನಿಯಮ ಓದಿ ನೋಡಲಿ. ಅದು ಸುಲಭದ ಪರೀಕ್ಷೆಯಲ್ಲ, ಆದರೆ ಐದು ವರ್ಷದ ಶುಲ್ಕಕ್ಕೆ ಹೋಲಿಸಿದರೆ ಚಿಕ್ಕ ಖರ್ಚು.

ಕೊನೆಯ ವರ್ಷಗಳ ಕ್ಲಿನಿಕ್ ತರಬೇತಿಗೆ ಹಣ ತೆಗೆದಿಡುವುದನ್ನು ಯಾರೂ ಹೇಳಿಕೊಡುವುದಿಲ್ಲ. ಹಳ್ಳಿಗಾಡಿನ ಊರಿಗೆ ವಾರಗಟ್ಟಲೆ ಹೋಗಿ ಇರಬೇಕಾಗುತ್ತದೆ, ಸಂಬಳವಿಲ್ಲ, ಶನಿವಾರದ ಕೆಲಸವೂ ಅಷ್ಟು ದಿನ ತಪ್ಪುತ್ತದೆ. ನಾವು ಮೊದಲ ವರ್ಷದಿಂದಲೇ ಅದಕ್ಕೆಂದು ಬೇರೆ ಖಾತೆ ತೆರೆದು ತಿಂಗಳು ತಿಂಗಳು ಹಾಕುತ್ತ ಬಂದೆವು. 2025ರ ಜುಲೈ 1ರಿಂದ ಒಕ್ಕೂಟ ಸರ್ಕಾರ ತರಬೇತಿಯ ಅವಧಿಗೆ ವಾರಕ್ಕಿಷ್ಟು ಎಂದು ಪ್ರ್ಯಾಕ್ ಪೇಮೆಂಟ್ ಕೊಡಲು ಶುರುಮಾಡಿದೆ. ಅದು ಶಿಕ್ಷಕ ತರಬೇತಿ, ನರ್ಸಿಂಗ್, ಸೂಲಗಿತ್ತಿ ಓದು, ಸಮಾಜಕಾರ್ಯ ಓದುವವರಿಗೆ. ಆಪ್ಟೊಮೆಟ್ರಿಯನ್ನು ಸೇರಿಸಿಲ್ಲ. ಊರುಕೇರಿಯ ವೃದ್ಧರ ಕಣ್ಣು ನೋಡಲು ಹೋಗುವ ಈ ಮಕ್ಕಳನ್ನು ಹೊರಗಿಡಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ನಾನು ನನ್ನ ಕ್ಷೇತ್ರದ ಸಂಸದರಿಗೆ ಪತ್ರ ಬರೆದಿದ್ದೇನೆ. ಸಿಡ್ನಿ, ಮೆಲ್ಬರ್ನ್‌ನ ಕನ್ನಡ ಸಂಘಗಳೂ ಬರೆಯಲಿ, ಈ ಓದಿನಲ್ಲಿ ಮಕ್ಕಳಿರುವ ಪ್ರತಿಯೊಬ್ಬ ತಂದೆ ತಾಯಿಯೂ ಬರೆಯಲಿ.