ಬಾಗಿಲಿಗೆ ಎಷ್ಟು ಚಲನೆ ಉಳಿದಿದೆ? ಹಳೆಯ ಜೋಡಣೆ ಕಡತವನ್ನು ಫ್ರೀಕ್ಯಾಡ್ 1.0ಕ್ಕೆ ತಂದ ಪಾಠ

ತರಗತಿ: 9
ವಿಷಯ: ಗಣಿತ (ನಿರ್ದೇಶಾಂಕ ರೇಖಾಗಣಿತದ ವಿಸ್ತರಣಾ ಚಟುವಟಿಕೆ)
ಅವಧಿ: 40 ನಿಮಿಷಗಳ 2 ಪಾಠಗಳು
ಸ್ಥಳ: ಮನ್ನಾಏಖೇಳ್ಳಿಯ ಒಂದು ಪ್ರೌಢಶಾಲೆ

ಹಿನ್ನೆಲೆ

ನಾನು ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಹಿಂದಿನ ವರ್ಷದ ಪ್ರಶಿಕ್ಷಣಾರ್ಥಿಗಳು ಮಾಡಿಟ್ಟ ಒಂದು ಕಪಾಟಿನ ಮಾದರಿ ಕಂಪ್ಯೂಟರಿನಲ್ಲಿತ್ತು. ಅದರಲ್ಲಿ ಚೌಕಟ್ಟು, ಬಾಗಿಲು, ಚಿಲಕದ ಸರಳು, ಎಳೆಯುವ ಖಾನೆ ಎಂಬ ನಾಲ್ಕು ಭಾಗಗಳು. ಉಚಿತ ತಂತ್ರಾಂಶವಾದ ಫ್ರೀಕ್ಯಾಡ್‌ನ ಹಳೆಯ ಆವೃತ್ತಿಯಲ್ಲಿ, ಏ2ಪ್ಲಸ್ ಎಂಬ ಆಡ್‌ಆನ್‌ನಿಂದ ಅವುಗಳನ್ನು ಜೋಡಿಸಿದ್ದರು. 2024ರ ನವೆಂಬರ್‌ನಲ್ಲಿ ಬಂದ ಫ್ರೀಕ್ಯಾಡ್ 1.0ರಲ್ಲಿ ಜೋಡಣೆಯ ಸೌಲಭ್ಯ ತಂತ್ರಾಂಶದೊಳಗೇ ಇದೆ. ಶಾಲೆಯಲ್ಲಿ ಈ ಆವೃತ್ತಿ ಹಾಕಿದ ಮೇಲೆ ಹಳೆಯ ಕಡತದ ಭಾಗಗಳು ಕಾಣುತ್ತಿದ್ದವು, ನಿರ್ಬಂಧಗಳ ಹೆಸರುಗಳೂ ಪಟ್ಟಿಯಲ್ಲಿದ್ದವು, ಆದರೆ ಅವು ಕೆಲಸ ಮಾಡುತ್ತಿರಲಿಲ್ಲ. ಏ2ಪ್ಲಸ್ಸನ್ನು ಮತ್ತೆ ಸೇರಿಸಬಹುದಿತ್ತು. ಆದರೆ ಪರಿವರ್ತನೆಯನ್ನೇ ಪಾಠವಾಗಿಸಿದರೆ ಮಕ್ಕಳಿಗೆ ಗಣಿತ ಸಿಗುತ್ತದೆ, ಶಾಲೆಗೆ ಮಾದರಿ ಉಳಿಯುತ್ತದೆ ಎಂದು ಯೋಜಿಸಿದೆ.

ಪರಿವರ್ತನೆಯ ಮುಖ್ಯ ತೊಡಕು ಇದು: ಏ2ಪ್ಲಸ್‌ನ ನಿರ್ಬಂಧಗಳು ಯಾವುದು ಯಾವುದಕ್ಕೆ ತಾಗಬೇಕು ಎಂದು ಹೇಳುತ್ತವೆ (ಅಕ್ಷಕ್ಕೆ ಅಕ್ಷ, ತಲಕ್ಕೆ ತಲ). ಹೊಸ ಆವೃತ್ತಿಯ ಕೀಲುಗಳು ಯಾವ ಚಲನೆ ಉಳಿಯಬೇಕು ಎಂದು ಕೇಳುತ್ತವೆ. ಆದ್ದರಿಂದ ಹೆಸರಿಗೆ ಹೆಸರು ಹೊಂದಿಸಲು ಬರುವುದಿಲ್ಲ.

ಮೊದಲ ಪಾಠ: ಚಲನೆ ಎಣಿಸುವುದು

ಹಾರುವ ನೊಣಕ್ಕೆ ಮೂರು ಅಕ್ಷಗಳ ಗುಂಟ ಸರಿಯಲು ಬರುತ್ತದೆ, ಆ ಮೂರರ ಸುತ್ತ ತಿರುಗಲೂ ಬರುತ್ತದೆ. ಒಟ್ಟು 6 ಚಲನೆಗಳು. ಅಲ್ಲಿಂದ ಮಕ್ಕಳು ಕೈಯಲ್ಲಿ ಹಿಡಿದು ಎಣಿಸಿದರು.

ಪೆನ್ನಿನ ಕೊಳವೆಯಲ್ಲಿ ರೀಫಿಲ್: ಉದ್ದಕ್ಕೆ ಸರಿಯುತ್ತದೆ, ತನ್ನ ಸುತ್ತ ತಿರುಗುತ್ತದೆ. ಉಳಿದದ್ದು 2, ತಡೆದದ್ದು 4. ಇದು ಅಕ್ಷಕ್ಕೆ ಅಕ್ಷ.

ಬೆಂಚಿನ ಮೇಲೆ ಒತ್ತಿ ಹಿಡಿದ ನೋಟ್‌ಬುಕ್: ಎರಡು ದಿಕ್ಕಿಗೆ ಸರಿಯುತ್ತದೆ, ಚಪ್ಪಟೆಯಾಗಿಯೇ ತಿರುಗುತ್ತದೆ. ಉಳಿದದ್ದು 3, ತಡೆದದ್ದು 3. ಇದು ತಲಕ್ಕೆ ತಲ.

ಹಳೆಯ ಕಡತದಲ್ಲಿ ಬಾಗಿಲಿಗೆ ಈ ಎರಡೂ ನಿರ್ಬಂಧಗಳಿದ್ದವು. ಉಳಿಯುವ ಚಲನೆ ಎಷ್ಟು ಎಂದು ಕೇಳಿದೆ. ಬಹುತೇಕರು 6 − 4 − 3 = −1 ಎಂದು ಬರೆದರು. ಆಗ ಹಿಂದಿನ ಬೆಂಚಿನ ಹುಡುಗಿ ಎದ್ದು ತರಗತಿಯ ಬಾಗಿಲನ್ನೇ ತೆರೆದು ಮುಚ್ಚಿ, "ಸರ್, ಇದು ತಿರಗತದಲ್ಲರಿ, ಮೈನಸ್ ಒಂದ ಹ್ಯಾಂಗ ಬರ್ತದ್ರಿ?" ಎಂದಳು. ನಾನು ಉತ್ತರ ಹೇಳಲಿಲ್ಲ. ಎರಡೂ ನಿರ್ಬಂಧಗಳು ತಡೆಯುವ ಚಲನೆಗಳನ್ನು ಬೇರೆ ಬೇರೆ ಪಟ್ಟಿ ಮಾಡಲು ಹೇಳಿದೆ. ಬಾಗಿಲು ಮುಂದಕ್ಕೆ ವಾಲುವುದು, ಪಕ್ಕಕ್ಕೆ ವಾಲುವುದು ಎರಡೂ ಪಟ್ಟಿಗಳಲ್ಲಿ ಬಂದವು. ಎರಡು ಸಲ ಎಣಿಸಿದ್ದನ್ನು ಬಿಟ್ಟರೆ ತಡೆದದ್ದು 4 + 3 − 2 = 5. ಉಳಿದದ್ದು 1, ಬಿಜಾಗರಿಯ ಸುತ್ತ ತಿರುಗುವುದು. ಎರಡು ಗಣಗಳ ಸಂಯೋಗದಲ್ಲಿ ಸಾಮಾನ್ಯ ಅಂಶಗಳನ್ನು ಒಮ್ಮೆ ಕಳೆಯುವ ನಿಯಮವೇ ಇದು.

ಎರಡನೆಯ ಪಾಠ: ಪರಿವರ್ತನೆ

ಮೂಲ ಕಡತವನ್ನು ಹಾಗೇ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡಿದೆವು. ಮೊದಲು ಚೌಕಟ್ಟನ್ನು ಸ್ಥಿರ ಮಾಡಿ, ಆಮೇಲೆ ಒಂದೊಂದು ಭಾಗಕ್ಕೆ ಉಳಿಯಬೇಕಾದ ಚಲನೆ ಬರೆದು ಕೀಲು ಆರಿಸಿದರು:

ಬಾಗಿಲು: ತಿರುಗುವುದು ಮಾತ್ರ. ಎರಡು ಹಳೆಯ ನಿರ್ಬಂಧಗಳ ಜಾಗದಲ್ಲಿ ಒಂದೇ ರಿವಲ್ಯೂಟ್ ಕೀಲು.
ಚಿಲಕದ ಸರಳು: ಸರಿಯುವುದು, ತಿರುಗುವುದು. ಸಿಲಿಂಡ್ರಿಕಲ್ ಕೀಲು.
ಖಾನೆ: ಸರಿಯುವುದು ಮಾತ್ರ. ಸ್ಲೈಡರ್ ಕೀಲು.

ಚಿಲಕಕ್ಕೂ ಖಾನೆಗೂ ಹಳೆಯ ಪಟ್ಟಿಯಲ್ಲಿ ಇದ್ದದ್ದು ಒಂದೇ ಹೆಸರಿನ ನಿರ್ಬಂಧ, ಅಕ್ಷಕ್ಕೆ ಅಕ್ಷ. ಖಾನೆಯದರಲ್ಲಿ ಮಾತ್ರ ತಿರುಗುವಿಕೆಗೆ ಬೀಗ ಹಾಕುವ ಆಯ್ಕೆ ಆನ್ ಆಗಿತ್ತು. ಹೆಸರು ನೋಡಿ ಪರಿವರ್ತಿಸಿದ್ದರೆ ಖಾನೆ ಗಿರಕಿ ಹೊಡೆಯುತ್ತಿತ್ತು.

ಒಂದು ಗುಂಪು ಎಲ್ಲ ಭಾಗಗಳಿಗೂ ಫಿಕ್ಸ್‌ಡ್ ಕೀಲು ಹಾಕಿ ಎಲ್ಲರಿಗಿಂತ ಮೊದಲು ಮುಗಿಸಿತು. ಪರದೆಯ ಮೇಲೆ ಅವರ ಕಪಾಟು ಎಲ್ಲಕ್ಕಿಂತ ಅಚ್ಚುಕಟ್ಟಾಗಿತ್ತು. ಪಕ್ಕದ ಗುಂಪಿನವರು ಮೌಸ್‌ನಿಂದ ಬಾಗಿಲು ಎಳೆದರು, ಅದು ಅಲುಗಲಿಲ್ಲ. "ಚಂದ ಅದ, ಅರಿವಿ ಹ್ಯಾಂಗ ಇಡೋದು?" ಎಂದು ನಕ್ಕರು. ಆ ಗುಂಪು ಕೀಲುಗಳನ್ನು ತೆಗೆದು ಮತ್ತೆ ಎಣಿಸಲು ಕುಳಿತಿತು.

ಮೌಲ್ಯಮಾಪನ

ಪರೀಕ್ಷೆ ಎರಡು ಬಗೆ. ಪ್ರತಿ ಭಾಗವನ್ನು ಎಳೆದು ನೋಡುವುದು: ಚಲಿಸಬೇಕಾದ್ದು ಚಲಿಸಬೇಕು, ಚಲಿಸಬಾರದ್ದು ನಿಲ್ಲಬೇಕು. ಎರಡನೆಯದು ಕಾಗದದ ಮೇಲೆ: ಸೈಕಲ್ಲಿನ ಪೆಡಲು, ಸೀಸೆಯ ತಿರುಪು ಮುಚ್ಚಳ, ಕಿಟಕಿಯ ಕೊಂಡಿ ಇವುಗಳಲ್ಲಿ ಉಳಿದ ಚಲನೆ ಬರೆಯುವುದು. ಮುಚ್ಚಳದ ಬಗ್ಗೆ ವಾದ ಎದ್ದಿತು. ಅದು ತಿರುಗುತ್ತದೆ, ಮೇಲಕ್ಕೂ ಏರುತ್ತದೆ, ಹಾಗಾದರೆ 2 ಎಂದು ಕೆಲವರು. ತಿರುಗಿಸದೆ ಏರಿಸಲು ಬರುವುದಿಲ್ಲ, ಆದ್ದರಿಂದ 1 ಎಂದು ಉಳಿದವರು. ಎರಡನೆಯವರದು ಸರಿ. ಹೊಸ ಆವೃತ್ತಿಯಲ್ಲಿ ತಿರುಪಿಗೆ ಪ್ರತ್ಯೇಕ ಸ್ಕ್ರೂ ಕೀಲು ಇರುವುದು ಇದಕ್ಕೇ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಪಾಠ ವೀಕ್ಷಿಸಿದ ಉಪನ್ಯಾಸಕರು, "ಕಂಪ್ಯೂಟರ್ ಇಲ್ಲದ ಶಾಲೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ?" ಎಂದು ಕೇಳಿದರು. ಮೊದಲ ಪಾಠಕ್ಕೆ ಬೇಕಾದದ್ದು ಪೆನ್ನು, ನೋಟ್‌ಬುಕ್, ತರಗತಿಯ ಬಾಗಿಲು ಅಷ್ಟೇ. −1 ಬಂದದ್ದೂ, ಅದು ಬಿಡಿಸಿಕೊಂಡದ್ದೂ ಅಲ್ಲಿಯೇ. ತಂತ್ರಾಂಶ ಮುಂದೆ ಮತ್ತೆ ಬದಲಾಗುತ್ತದೆ, ಕೀಲುಗಳ ಹೆಸರೂ ಬದಲಾಗಬಹುದು. ಪರಿವರ್ತನೆಗೆ ಕೂರುವ ಮೊದಲು ಪ್ರತಿ ಭಾಗದ ಮುಂದೆ ಉಳಿಯಬೇಕಾದ ಚಲನೆಯನ್ನು ಬರೆಸಿ. ಆ ಹಾಳೆಯನ್ನು ಕಡತದ ಜೊತೆ ಶಾಲೆಯಲ್ಲಿ ಬಿಟ್ಟು ಬನ್ನಿ. ಮುಂದಿನ ವರ್ಷ ಬರುವವರಿಗೆ ಅದರಿಂದ ಕೆಲಸ ಶುರುಮಾಡಲು ಬರುತ್ತದೆ.