ಹಾಲಿನ ಹನಿಯಲ್ಲಿ ಔಷಧ ಹುಡುಕುವವರಿಗೆ

ಕೆಚ್ಚಲು ಬಾವು ಬಂದ ಹಸುವಿಗೆ ಕೊಟ್ಟ ಆಂಟಿಬಯೋಟಿಕ್ ಕೆಲವು ದಿನ ಹಾಲಿನಲ್ಲಿ ಇಳಿಯುತ್ತಲೇ ಇರುತ್ತದೆ. ಅದನ್ನು ಹಳ್ಳಿಯ ಡೇರಿಯಲ್ಲೇ ಪತ್ತೆಹಚ್ಚುವ ಪುಟ್ಟ ಚಿಪ್‌ಗಳ ಕೆಲಸ ನನಗೆ ಕಲಿಸಿದ್ದನ್ನು, ಹೊಸದಾಗಿ ಈ ದಾರಿಗೆ ಬರುವವರಿಗಾಗಿ ಬರೆದಿದ್ದೇನೆ.

1. ಪ್ರಮಾಣ ಮೊದಲು ತಲೆಗೆ ಹತ್ತಬೇಕು. ಹಾಲಿನಲ್ಲಿ ಬೆಂಜೈಲ್ ಪೆನಿಸಿಲಿನ್‌ಗೆ ಅಂತರರಾಷ್ಟ್ರೀಯ ಆಹಾರ ಮಾನದಂಡಗಳಾದ ಕೋಡೆಕ್ಸ್ ಹಾಕಿರುವ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ. ಒಂದೇ ಒಂದು ಮಿಲಿಗ್ರಾಂ ಬಿದ್ದರೆ 250 ಲೀಟರ್ ಹಾಲು ಆ ಮಿತಿಯನ್ನು ಮುಟ್ಟುತ್ತದೆ. ಕಾಯಿಸಿದರೆ ಹೋದೀತು ಎಂಬ ನಂಬಿಕೆ ಬೇಡ; ಪಾಶ್ಚರೀಕರಣದ ಶಾಖಕ್ಕೆ ಪೆನಿಸಿಲಿನ್ ಬಹುಮಟ್ಟಿಗೆ ಜಗ್ಗುವುದಿಲ್ಲ. ಉಳಿಕೆ ಹೆಚ್ಚಿದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಬೆಳೆಯದೆ ಮೊಸರೇ ಸರಿಯಾಗಿ ಕಟ್ಟುವುದಿಲ್ಲ.

2. ನೀರಿನಲ್ಲಿ ಗೆದ್ದ ಚಿಪ್ಪನ್ನು ನಂಬಬೇಡಿ. ಪ್ರಯೋಗಾಲಯದ ಬಫರ್ ದ್ರಾವಣದಲ್ಲಿ ಎಲ್ಲವೂ ಚೆನ್ನಾಗಿ ಹರಿಯುತ್ತದೆ. ಹಾಲಿನಲ್ಲಿ ಕೊಬ್ಬಿನ ಕಣಗಳಿವೆ, ಕೇಸಿನ್ ಎಂಬ ಪ್ರೋಟೀನ್ ಇದೆ. ಚಿಪ್ಪಿನೊಳಗಿನ ಕೂದಲೆಳೆಯಷ್ಟು ಸಪೂರವಾದ ಕಾಲುವೆಯ ಗೋಡೆಗೆ ಇವು ಅಂಟುತ್ತವೆ, ಹರಿವು ನಿಧಾನವಾಗುತ್ತದೆ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಗರಣೆಗಳೂ ಇರುತ್ತವೆ. ಔಷಧ ಇರುವ ಸಾಧ್ಯತೆ ಹೆಚ್ಚಿರುವುದೂ ಇಂಥ ಹಾಲಿನಲ್ಲೇ! ಆದ್ದರಿಂದ ಎಮ್ಮೆ ಹಾಲು, ಹಸುವಿನ ಹಾಲು, ಗಿಣ್ಣು, ತಣ್ಣಗಿನ ಹಾಲು, ಆಗಷ್ಟೇ ಕರೆದ ಹಾಲು ಎಲ್ಲದರಲ್ಲೂ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು.

3. ಪಂಪು ಬೇಡ. ಹಾರ್ವರ್ಡ್‌ನಲ್ಲಿ ಜಾರ್ಜ್ ವೈಟ್‌ಸೈಡ್ಸ್ ತಂಡ 2007ರಲ್ಲಿ ತೋರಿಸಿದಂತೆ, ಕಾಗದದಲ್ಲೇ ಕಾಲುವೆ ಬಿಡಿಸಿದರೆ ದ್ರವವನ್ನು ಕಾಗದವೇ ಎಳೆದುಕೊಳ್ಳುತ್ತದೆ. ಕರೆಂಟು ಹೋದರೂ ಪರೀಕ್ಷೆ ನಿಲ್ಲುವುದಿಲ್ಲ.

4. ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಫಲಿತಾಂಶ ತೋರಿಸುವ ಬಣ್ಣದ ಗೆರೆಯನ್ನು ಓದುವ ರೀತಿಗೆ. ಪೆನಿಸಿಲಿನ್ ಅಣು ಬಹಳ ಚಿಕ್ಕದು, ಅದನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳು (ಆಂಟಿಬಾಡಿಗಳು) ಎರಡು ಒಟ್ಟಿಗೆ ಅದನ್ನು ಹಿಡಿಯಲಾರವು. ಹಾಗಾಗಿ ಇಲ್ಲಿ ಪೈಪೋಟಿಯ ವಿಧಾನ ಬಳಸುತ್ತೇವೆ. ಗೆರೆಯ ಜಾಗದಲ್ಲಿ ಮೊದಲೇ ಔಷಧವನ್ನು ಅಂಟಿಸಿರುತ್ತೇವೆ. ಹಾಲಿನಲ್ಲೂ ಔಷಧವಿದ್ದರೆ ಬಣ್ಣ ಹೊತ್ತ ಪ್ರತಿಕಾಯವನ್ನು ಅದು ದಾರಿಯಲ್ಲೇ ಹಿಡಿದುಬಿಡುತ್ತದೆ, ಗೆರೆಯಲ್ಲಿ ಅದು ಅಂಟುವುದಿಲ್ಲ. ಗೆರೆ ಮೂಡಿದರೆ ಹಾಲು ಸರಿ, ಮೂಡದಿದ್ದರೆ ಔಷಧವಿದೆ. ಗರ್ಭಪರೀಕ್ಷೆಯ ಪಟ್ಟಿಗೆ ಇದು ಪೂರ್ತಿ ತಿರುಗುಮುರುಗು. ಬೆಳಗಿನ ಜಾವದ ಮಬ್ಬಿನಲ್ಲಿ, ಕ್ಯಾನುಗಳ ಸಾಲಿನ ಮುಂದೆ ನಿಂತ ಪರೀಕ್ಷಕರು ಮಸುಕು ಗೆರೆಯನ್ನು ಹೇಗೆ ಓದುತ್ತಾರೆ ಎಂಬುದನ್ನು ಅವರ ಪಕ್ಕದಲ್ಲೇ ನಿಂತು ನೋಡಿ. ಹೋಲಿಸಿ ನೋಡಲು ಇನ್ನೊಂದು ಗೆರೆ ಚಿಪ್ಪಿನಲ್ಲೇ ಇರಲಿ. ಆ ಗೆರೆಯೂ ಮೂಡದಿದ್ದರೆ ಪರೀಕ್ಷೆಯೇ ಕೆಟ್ಟಿದೆ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ.

5. ಮಳೆಗಾಲದ ತೇವಕ್ಕೆ ಪ್ರತಿಕಾಯಗಳು ಬೇಗ ಕೆಡುತ್ತವೆ. ಸಿಲಿಕಾ ಜೆಲ್ ಹಾಕಿದ ಬಿಗಿ ಪೊಟ್ಟಣಕ್ಕೆ ಮಾಡುವ ಖರ್ಚಿನಲ್ಲಿ ಜಿಪುಣತನ ಬೇಡ.

6. ಚಿಪ್ಪಿಗೆ ತಾನು ಹುಡುಕಲು ಕಲಿತದ್ದು ಮಾತ್ರ ಗೊತ್ತು. ಪೆನಿಸಿಲಿನ್ ಗುಂಪಿಗೆ ಮಾಡಿದ್ದು ಟೆಟ್ರಾಸೈಕ್ಲಿನ್ ಕಾಣದು. "ಔಷಧವಿಲ್ಲ" ಎಂದು ಬರೆಯಬೇಡಿ, ಯಾವ ಔಷಧವಿಲ್ಲ ಎಂದು ಬರೆಯಿರಿ. ಔಷಧವಿದೆ ಎಂದು ಬಂದ ಹಾಲಿನ ಮಾದರಿಯನ್ನು ದೊಡ್ಡ ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರಿನಿಂದ ಖಚಿತಪಡಿಸಿಕೊಳ್ಳದೆ ಯಾವ ರೈತರಿಗೂ ದಂಡ ಹಾಕಕೂಡದು.

7. ಟ್ಯಾಂಕರ್ ಡೇರಿ ತಲುಪಿದ ಮೇಲೆ ಪರೀಕ್ಷಿಸಿದರೆ ಒಂದು ಹಸುವಿನ ಔಷಧಕ್ಕೆ ಊರೆಲ್ಲರ ಹಾಲು ಚೆಲ್ಲಬೇಕಾಗುತ್ತದೆ. ಕೊಟ್ಟಿಗೆಯಲ್ಲೇ ಗೊತ್ತಾದರೆ ಒಂದು ಬಕೆಟ್ ಮಾತ್ರ ಹೋಗುತ್ತದೆ. ಈ ಚಿಪ್ ಸೇರಬೇಕಾದ ಜಾಗ ಹಸು ಸಾಕುವವರ ಕೈ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅದು ಬರುವವರೆಗೆ, ಹಸು ಸಾಕಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಜೆಕ್ಷನ್ ಕೊಡಿಸಿದ ದಿನವೇ ಎಷ್ಟು ಹೊತ್ತಿನ ಹಾಲನ್ನು ಡೇರಿಗೆ ಹಾಕಬಾರದೆಂದು ಡಾಕ್ಟರನ್ನು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.