ಪಿಸ್ತೂಲು ಕಟ್ಟಿಕೊಂಡ ಅಳಿಯನಿಗೆ

ಪ್ರೀತಿಯ ಅಳಿಯನಿಗೆ ಅಮಾಸೆಬೈಲಿನಿಂದ ಮಾವನ ಆಶೀರ್ವಾದಗಳು.

ಬೆಂಗಳೂರಲ್ಲಿ ಹೋಟೆಲ್ ಬಾಗಿಲು ಹಾಕಿ, ಕಲೆಕ್ಷನ್ ಹಣ ಹಿಡಿದು ನಡುರಾತ್ರಿ ಮನೆಗೆ ಹೋಗುವ ನಿನಗೆ ಪಾಯಿಂಟ್ 32 ಪಿಸ್ತೂಲಿನ ಲೈಸೆನ್ಸ್ ಸಿಕ್ಕಿತೆಂದು ನಿನ್ನಮ್ಮ ಹೇಳಿದಳು. ಹೋಲ್‌ಸ್ಟರ್‌ನಿಂದ ಚಕ್ಕನೆ ತೆಗೆಯುವುದನ್ನು ಮೊಬೈಲ್ ನೋಡಿ ಕಲಿಯುತ್ತಿದ್ದೀಯಂತೆ. ಸಶಸ್ತ್ರ ಮೀಸಲು ಪಡೆಯಲ್ಲಿ ಹುಡುಗರಿಗೆ ಇದನ್ನೇ ಕಲಿಸಿದವನು ನಾನು, ಸುಮ್ಮನಿರಲಾರೆ. ನಿನ್ನಂಥ ಬೇರೆಯವರೂ ಓದಲಿ ಎಂದು ಪತ್ರಿಕೆಗೂ ಕೊಟ್ಟಿದ್ದೇನೆ.

ನಮ್ಮ ಕಡೆಗೆ ಕೋವಿ ಹೊಸತಲ್ಲ. ಹಂದಿ ಕಾಟಕ್ಕೆ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿಕೊಂಡವರಿದ್ದಾರೆ. ಚುನಾವಣೆ ಬಂತೆಂದರೆ ಕೋವಿ ಠಾಣೆಯಲ್ಲಿ ಜಮೆ. ಆದರೆ ಉದ್ದ ನಳಿಗೆ ಎತ್ತ ತಿರುಗಿದೆ ಎನ್ನುವುದು ಪಕ್ಕದವನಿಗೂ ಕಾಣುತ್ತದೆ. ಪಿಸ್ತೂಲಿನದು ಹಾಗಲ್ಲ. ಮಣಿಕಟ್ಟು ಚೂರು ಹೊರಳಿದರೆ ಎದುರಿಗಿರುವುದು ನಿನ್ನದೇ ತೊಡೆ.

ಹಾಗಾಗಿ ವೇಗ ಆಮೇಲೆ. ಮೊದಲು ಮ್ಯಾಗಜೀನ್ ತೆಗೆ, ಚೇಂಬರನ್ನು ಕಣ್ಣಿಂದ ನೋಡು, ಬೆರಳಿಟ್ಟೂ ನೋಡು. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಎಡಗೈಯಲ್ಲಿ ಅಂಗಿ ಎತ್ತಿ ಹಿಡಿ. ಬಲಗೈ ಹಿಡಿತ ಹೋಲ್‌ಸ್ಟರ್‌ನೊಳಗೇ ಪೂರ್ತಿ ಕೂರಬೇಕು. ಹೊರಗೆ ತಂದು ಸರಿ ಮಾಡಿಕೊಳ್ಳುತ್ತೇನೆ ಎಂದರೆ ಆಗದು. ನೇರ ಮೇಲಕ್ಕೆಳೆ, ನಳಿಗೆ ಹೊರಬಂದ ಮೇಲೆ ಮುಂದಕ್ಕೆ ತಿರುಗಿಸು, ಎದೆಯೆದುರು ಎಡಗೈ ಬಂದು ಸೇರಲಿ. ಅಷ್ಟು ಹೊತ್ತೂ ತೋರುಬೆರಳು ಟ್ರಿಗರ್ ಮುಟ್ಟದೆ ಪಕ್ಕದಲ್ಲಿ ಚಾಚಿರಬೇಕು. ತೆಗೆಯುವುದಕ್ಕಿಂತ ವಾಪಸ್ ಇಡುವುದೇ ಕಷ್ಟ ಮಾರಾಯ. ಅಂಗಿಯ ಅಂಚು ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರುವುದು ಆಗಲೇ. ಅದಕ್ಕೆ ಯಾವ ಅವಸರವೂ ಇಲ್ಲ. ಕಣ್ಣಿಟ್ಟು, ನಿಧಾನಕ್ಕೆ ಇಡು. ಇಷ್ಟನ್ನೂ ತಿದ್ದುವವರ ಎದುರೇ ಕಲಿ. ಪೊಲೀಸ್ ಇಲಾಖೆಯ ನಾಗರಿಕ ಬಂದೂಕು ತರಬೇತಿ ಯಾವಾಗ ಎಂದು ಠಾಣೆಯಲ್ಲಿ ವಿಚಾರಿಸು.

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನಿಸ್ ಟುಲ್ಲರ್ 1983ರಲ್ಲಿ ಒಂದು ಲೆಕ್ಕ ಬರೆದರು: ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರುತ್ತಾನೆ. ಪಳಗಿದ ಕೈಗೂ ಪಿಸ್ತೂಲು ತೆಗೆದು ಹೊಡೆಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಆದ್ದರಿಂದ ಕೈಗಿಂತ ಮೊದಲು ಕಾಲು ಓಡಬೇಕು. ಪಕ್ಕಕ್ಕೆ ಸರಿ, ಕಾರನ್ನು ಅಡ್ಡ ಮಾಡಿಕೋ, ಹಣದ ಚೀಲ ಎಸೆದು ಬಿಡು.

ಕಾನೂನನ್ನೂ ತಿಳಿದುಕೋ. ಆತ್ಮರಕ್ಷಣೆಯ ಹಕ್ಕು ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ಮೊರೆ ಹೋಗಲು ಸಮಯವಿದ್ದರೆ ಆ ಹಕ್ಕು ಸಿಗದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಜನರ ನಡುವೆ ಪಿಸ್ತೂಲು ಹೋಲ್‌ಸ್ಟರ್‌ನಲ್ಲೇ ಇರಬೇಕು, ಝಳಪಿಸುವಂತಿಲ್ಲ. ಪಾರ್ಕಿಂಗ್ ಜಗಳದಲ್ಲಿ ಹೆದರಿಸಲಿಕ್ಕೆಂದು ತೆಗೆದು ತೋರಿಸಿದೆಯೋ, ಕೇಸು ನಿನ್ನ ಮೇಲೆಯೇ.

ಹಗಲಿನ ಕಲೆಕ್ಷನ್ ಸಂಜೆಯೊಳಗೇ ಬ್ಯಾಂಕಿಗೆ ಕಟ್ಟಲಾಗದೇ, ಯೋಚಿಸು. ದೀಪಾವಳಿಗೆ ಊರಿಗೆ ಬರುವಾಗ ಪಿಸ್ತೂಲು ತರುವುದೇ ಆದರೆ ಮೊದಲೇ ಫೋನ್ ಮಾಡು. ಮನೆ ತುಂಬ ಮಕ್ಕಳಿರುತ್ತಾರೆ, ಬೀಗ ಇರುವ ಕಪಾಟು ಖಾಲಿ ಮಾಡಿಸಿಡಬೇಕು.

ಇತಿ,
ನಿನ್ನ ಮಾವ